ಸೆರಗಿನ ಮೇಲಿನ ಗದ್ದಲ

ಅಪ್ಪ ಮಾಡಿಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಬಂದದ್ದು ಕಾಲೇಜಿನ ಗೇಟು ದಾಟಿದ ಮೇಲೂ ವಿದ್ಯಾಳನ್ನು ಕಾಡುತ್ತಲೇ ಇತ್ತು. ಚಹಾದ ತಪ್ಪೇನೂ ಇರಲಿಲ್ಲ. ಶುಂಠಿ ಜಜ್ಜಿ ಹಾಕಿ, ಅವಳಿಗೆ ಬೇಕಾದಷ್ಟೇ ಸಕ್ಕರೆ ಹಾಕಿ, ಆರದಿರಲೆಂದು ಬಸಿ ಮುಚ್ಚಿ, ಅವಳು ಹೆರಳು ಹಾಕಿಕೊಂಡು ಬರುವ ಹೊತ್ತಿಗೆ ಸರಿಯಾಗಿ ಟೇಬಲ್ಲಿನ ಮೇಲೆ ಇಟ್ಟಿದ್ದ. ಅವ್ವ ತೀರಿಕೊಂಡಾಗಿನಿಂದ ಇದು ಒಂದು ದಿನವೂ ತಪ್ಪಿಲ್ಲ. ಆದರೆ ಇವತ್ತು ಅವಳು ಚಹಾ ನೋಡುವ ಬದಲು ಕಪ್ಪು ಇಟ್ಟ ಕೈ ನೋಡಿದಳು. ಬಾಗಲಕೋಟೆ ಇಳಕಲ್ಲ ದಾರಿಯ ಬಸ್ಸಿನಲ್ಲಿ ಆಯುಷ್ಯವೆಲ್ಲ ಟಿಕೆಟ್ ಹರಿದ ಕೈ. ಹೆಬ್ಬೆರಳು ಸ್ವಲ್ಪ ಚಪ್ಪಟೆ, ಅಂಗೈ ಅಗಲ. ಇಷ್ಟು ಅಗಲವಿದೆಯೆಂದು ಹಿಂದೆಂದೂ ಅನ್ನಿಸಿರಲಿಲ್ಲ. ಅವಳು ನೋಡುತ್ತಿರುವುದನ್ನು ಕಂಡು ಪಾಂಡಪ್ಪ ಕೈಗೇನಾದರೂ ಮೆತ್ತಿದೆಯೇನೋ ಎಂದುಕೊಂಡು ಧೋತರಕ್ಕೆ ಒರೆಸಿಕೊಂಡ. ಆ ಒರೆಸಿಕೊಂಡದ್ದು ಅವಳಿಗೆ ತಡೆಯಲಾಗಲಿಲ್ಲ. ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದು ಬಂದಳು. ನವನಗರದ ಆ ನೆಟ್ಟಗಿನ ರಸ್ತೆಯಲ್ಲಿ ತಿರುಗಿ ನೋಡಿದರೆ ಗೇಟಿನ ಬಳಿ ನಿಂತ ಅವನು ಬಹಳ ದೂರದವರೆಗೆ ಕಾಣುತ್ತಾನೆ. ಅದಕ್ಕೇ ತಿರುಗಿ ನೋಡಲಿಲ್ಲ.

ನಿನ್ನೆ ಸಂಜೆಯವರೆಗೆ ಎಲ್ಲ ಸರಿಯಾಗಿತ್ತು. ಸರಿಯಾಗಿತ್ತು ಎಂದರೆ, ಮೂವತ್ತು ದಾಟಿದ, ಮದುವೆಯ ಮಾತು ನಿಂತುಹೋದ, ಸಹೋದ್ಯೋಗಿಗಳ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ತಿಂದು ಬೇಗ ಮನೆಗೆ ಬರುವ ಹೆಂಗಸೊಬ್ಬಳಿಗೆ ಎಷ್ಟು ಸರಿಯಾಗಿರಬಹುದೋ ಅಷ್ಟು. ಅವಳ ಕೆಲಸವನ್ನು ಯಾರಿಗಾದರೂ ವಿವರಿಸಲು ಹೊರಟರೆ ಎರಡನೇ ಮಾತಿಗೆ ಎದುರಿನವರು ಕಿಟಕಿಯ ಹೊರಗೆ ನೋಡತೊಡಗುತ್ತಾರೆ. ನಮ್ಮ ಕಣ್ಣು ಬೆಳಕನ್ನು ಮೂರು ಬಣ್ಣಗಳಲ್ಲಿ ನೋಡಿ ತೃಪ್ತವಾಗುತ್ತದೆ. ಪ್ರಯೋಗಶಾಲೆಯ ಕ್ಯಾಮೆರಾ ಅದೇ ಬೆಳಕನ್ನು ನೂರಾರು ತೆಳು ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಗೂ ಒಂದೊಂದು ಚಿತ್ರ ಕೊಡುತ್ತದೆ. ರೇಷ್ಮೆ ಯಾವುದು, ರೇಷ್ಮೆಯ ಹಾಗೆ ನಟಿಸುವ ದಾರ ಯಾವುದು ಎಂದು ಅದು ಮುಟ್ಟದೆಯೇ ಹೇಳುತ್ತದೆ. ಹಳೆಯ ಇಳಕಲ್ಲ ಸೀರೆಗಳನ್ನು ಹೀಗೆ ಓದಿ ವಿಂಗಡಿಸುವ ಕೆಲಸ ಕಾಲೇಜಿಗೆ ಬಂದಿತ್ತು. ಆದರೆ ಸೀಳಿದಷ್ಟೂ ಬೆಳಕು ಬಡವಾಗುತ್ತದೆ. ಬಡ ಬೆಳಕಿನಲ್ಲಿ ಚಿತ್ರದ ತುಂಬ ಕಾಳು ಚೆಲ್ಲಿದ ಹಾಗೆ ಚುಕ್ಕೆಗಳು ಏಳುತ್ತವೆ. ನೇರಳೆ ಬದಿಯ ಪಟ್ಟಿಗಳಲ್ಲಂತೂ ಸೀರೆ ಯಾವುದು, ಚುಕ್ಕೆ ಯಾವುದು ತಿಳಿಯುವುದಿಲ್ಲ. ಇದಕ್ಕೆ ಗದ್ದಲ ಎನ್ನುತ್ತಾರೆ. ಈ ಗದ್ದಲ ತೆಗೆಯುವುದೇ ವಿದ್ಯಾಳ ಕಸುಬು, ಅವಳ ಪಿಎಚ್‌ಡಿ, ಅವಳ ಅಷ್ಟಿಷ್ಟು ಮರ್ಯಾದೆ. ಚಿತ್ರದೊಳಗೆ ಎಂಥ ಗದ್ದಲ, ನನ್ನ ಬಸ್ಸಿಗೆ ಬಂದು ನೋಡಬೇಕಿತ್ತು ಎಂದು ಅಪ್ಪ ನಕ್ಕಿದ್ದ. ಆಮೇಲೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಗದ್ದಲ ತೆಗೆಯುವುದಕ್ಕೆ ಎರಡು ದಾರಿ. ಒಂದು, ಅದೇ ಬಟ್ಟೆಯ ಚಿತ್ರವನ್ನು ಮತ್ತೆ ಮತ್ತೆ ತೆಗೆದು ಎಲ್ಲವನ್ನೂ ಕೂಡಿಸಿ ಸರಾಸರಿ ನೋಡುವುದು. ಗದ್ದಲ ಚಂಚಲ, ಒಂದು ಸಲ ಇದ್ದಲ್ಲಿ ಇನ್ನೊಂದು ಸಲ ಇರುವುದಿಲ್ಲ. ಬಟ್ಟೆ ಮಾತ್ರ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ದಾರಿಯದು. ಆದರೆ ಅದಕ್ಕೆ ತಾಳ್ಮೆ ಬೇಕು, ಮತ್ತು ಇಂದಿನ ಕಾಲದಲ್ಲಿ ತಾಳ್ಮೆಗೆ ಡಾಕ್ಟರೇಟ್ ಕೊಡುವುದಿಲ್ಲ. ವಿದ್ಯಾ ಎರಡನೆಯ ದಾರಿಯವಳು. ಒಂದೇ ಒಂದು ಚಿತ್ರ ಕೊಡಿ, ಉಳಿದದ್ದನ್ನು ಲೆಕ್ಕದಲ್ಲಿ ತೊಳೆದುಕೊಡುತ್ತೇನೆ ಎನ್ನುವುದು ಅವಳು ಬರೆದ ವಿಧಾನ. ಪಂಚಾಯಿತಿ ನ್ಯಾಯ ಅದು. ಬಹುಪಾಲು ಪಟ್ಟಿಗಳು ಒಂದು ಮಾತು ಹೇಳಿ, ಮೂಲೆಯ ನಾಲ್ಕು ಪಟ್ಟಿಗಳು ಬೇರೆ ಮಾತು ಹೇಳಿದರೆ, ನಾಲ್ವರ ಬಾಯಿ ಮುಚ್ಚಿಸು. ಒಬ್ಬಂಟಿಯಾಗಿ ಮಾತಾಡುವುದು ಗದ್ದಲ. ಹತ್ತಕ್ಕೆ ಒಂಬತ್ತು ಸಲ ಇದು ಸರಿಯಾಗಿಯೇ ಬರುತ್ತದೆ. ಬೇರೆ ಊರುಗಳ ಜನ ಕೂಡ ಅವಳ ವಿಧಾನ ಬಳಸಿ ಧನ್ಯವಾದ ಬರೆದಿದ್ದರು.

ಉಳಿದವನ್ನು ಹೋಲಿಸಿ ನೋಡಲು, ವಯಸ್ಸು ನಂಬಬಹುದಾದ ಒಂದು ಸೀರೆ ಬೇಕಿತ್ತು. ಎರವಲು ಬಂದ ಸೀರೆಗಳ ವಯಸ್ಸನ್ನು ಅವುಗಳ ಒಡತಿಯರು ತಮ್ಮ ವಯಸ್ಸಿನ ಹಾಗೆಯೇ ಕಡಿಮೆ ಹೇಳುತ್ತಿದ್ದರು. ಆಗ ವಿದ್ಯಾಳಿಗೆ ನೆನಪಾದದ್ದು ಟ್ರಂಕಿನ ತಳದಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಅವ್ವನ ಸೀರೆ. ಅವ್ವ ಲಗಮವ್ವ ಹಳೆಯದಾದ ಯಾವ ಸೀರೆಯನ್ನೂ ಸುಮ್ಮನೆ ಬಿಟ್ಟವಳಲ್ಲ. ಎಲ್ಲವನ್ನೂ ಹರಿದು, ಪದರ ಪದರ ಕೂಡಿಸಿ, ಕೌದಿ ಹೊಲಿದು ಹೊದಿಸಿದವಳು. ಇದೊಂದನ್ನು ಮಾತ್ರ ಕೌದಿಗೆ ಹಾಕಲಿಲ್ಲ, ವಿದ್ಯಾ ಕಂಡಂತೆ ಉಡಲೂ ಇಲ್ಲ. ಅಣೆಕಟ್ಟಿನ ಮುಳುಗಡೆಯಲ್ಲಿ ಹಳೆಯ ಮನೆ ನೀರಿಗೆ ಹೋಗುವ ಮುಂಚಿನದು ಎಂದು ಗೊತ್ತಿತ್ತು. ಅಷ್ಟು ಪ್ರೀತಿಯ ಸೀರೆ ಎಂದು ಮಗಳು ತಿಳಿದಿದ್ದಳು. ಹಸಿರು ಒಡಲು, ಇಳಕಲ್ಲ ಸೀರೆಗೆ ಇರಲೇಬೇಕಾದ ಕೆಂಪು ಸೆರಗು, ಸೆರಗಿನ ತುಂಬ ಹಲ್ಲುಹಲ್ಲಾಗಿ ನೇಯ್ದ ಬಿಳಿ ತೆನೆ. ಹಾಸಿ, ದೀಪ ಹಾಕಿ, ಕ್ಯಾಮೆರಾ ಗೆರೆ ಗೆರೆಯಾಗಿ ಓದಿ ಮುಗಿಸಿದಾಗ, ನೇರಳೆ ಬದಿಯ ಕೆಲವು ಪಟ್ಟಿಗಳಲ್ಲಿ ಮಾತ್ರ ಸೆರಗಿನ ಒಂದು ಕಡೆ ಅಂಗೈಯಷ್ಟು ಕಪ್ಪು ಕಂಡಿತು. ಕಣ್ಣಿಗೆ ಅಲ್ಲಿ ಏನೂ ಇಲ್ಲ. ಅದೇ ಕೆಂಪು, ಅದೇ ಹೊಳಪು. ಯಂತ್ರ ನೋಡಿಕೊಳ್ಳುವ ಯುನೂಸ ತಲೆ ಕೆರೆದುಕೊಂಡು, ಇದನ್ನು ಇಡೋಣವೋ ತೆಗೆಯೋಣವೋ ಎಂದು ಕೇಳಿದ್ದ. ನಾಳೆ ನೋಡೋಣ ಎಂದು ಅವನನ್ನು ಮನೆಗೆ ಕಳಿಸಿ, ಅವಳು ಒಬ್ಬಳೇ ಕೂತು ಆ ಕಪ್ಪಿನ ಗೆರೆಯನ್ನು, ಅಂದರೆ ಒಂದೊಂದು ಪಟ್ಟಿಯಲ್ಲಿ ಅದು ಎಷ್ಟು ಬೆಳಗುತ್ತದೆ ಎಂಬ ನಕ್ಷೆಯನ್ನು, ಗಣಕದಲ್ಲಿ ಕೂಡಿಟ್ಟ ಬೇರೆ ಬೇರೆ ಕಲೆಗಳ ಗೆರೆಗಳ ಜೊತೆ ಹೊಂದಿಸಿ ನೋಡಿದಳು. ಎಣ್ಣೆ ಅಲ್ಲ, ತುಕ್ಕು ಅಲ್ಲ, ಎಲೆಯಡಿಕೆ ಅಲ್ಲ. ಹಳೆಯ ರಕ್ತಕ್ಕೆ ಅದು ಸಮೀಪ ಬಂತು. ಸಮೀಪ, ಅಷ್ಟೇ; ಅಷ್ಟು ಗದ್ದಲದಲ್ಲಿ ಯಾವುದೂ ಯಾವುದಕ್ಕೂ ಸಮೀಪ ಬರಬಹುದು ಎಂದು ತಾನೇ ತರಗತಿಯಲ್ಲಿ ಹೇಳಿಕೊಟ್ಟದ್ದುಂಟು. ಆದರೂ ಅವಳ ಕಿವಿಯಲ್ಲಿ ಆ ಕ್ಷಣ ಕೇಳಿದ್ದು ಅಕ್ಕನ ದನಿ.

ಅವ್ವ ಹೋದ ಮೂರನೆಯ ದಿನ. ಅಂಗಳದ ತುಂಬ ಜನ, ಕೂಳು ಬಡಿಸಿದ್ದರು. ಪಾಂಡಪ್ಪ ತಾನೇ ಹಿರಿಮಗಳ ಎಲೆಗೆ ಅನ್ನ ಹಾಕಲು ಬಗ್ಗಿದಾಗ ಕಸ್ತೂರಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು. ಈ ಕೈಯ ಅನ್ನ ನಾ ಉಣ್ಣುವುದಿಲ್ಲ, ಈ ಕೈ ಏನು ಮಾಡಿದೆ ನಾ ನೋಡಿದ್ದೇನೆ ಎಂದಳು. ಜೋರಾಗಿಯೂ ಅಲ್ಲ, ಅಳುತ್ತಲೂ ಅಲ್ಲ. ಅಪ್ಪ ಸೌಟು ಹಿಡಿದುಕೊಂಡೇ ನಿಂತ. ಎಷ್ಟೋ ಜನರ ಮುಂದೆ ಅವನು ಹಾಗೆ ಸಣ್ಣವನಾದದ್ದನ್ನು ಕಂಡು ವಿದ್ಯಾಳ ಮೈಯೆಲ್ಲ ಉರಿದುಹೋಯಿತು. ಅಪ್ಪ ಅವ್ವನ ಮೇಲೆ ಕೈ ಎತ್ತಿದ್ದನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ, ನೀನೊಬ್ಬಳೇ ಕಂಡೆಯಾ, ಸುಳ್ಳಿ ಎಂದು ಕೂಗಿದಳು. ಕಸ್ತೂರಿ ಅವಳನ್ನು ಬಹಳ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಂಡು, ಚೀಲ ತೆಗೆದುಕೊಂಡು ಹುನಗುಂದದ ಬಸ್ಸು ಹಿಡಿದಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ದೀಪಾವಳಿಗೆ ವಿದ್ಯಾ ಒಮ್ಮೆ ಫೋನು ಮಾಡಿದ್ದಳು. ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಏನೂ ಕೇಳಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆಗ್ಗಣಕ್ಕೆ ಹೆತ್ತವರು ಎಷ್ಟು ಮುದ್ದು ಎಂಬುದನ್ನು ಯಾರೂ ಹೇಳಿಲ್ಲ. ಅವಳಿಗೆ ಅಪ್ಪನೆಂದರೆ ಡ್ಯೂಟಿ ಮುಗಿಸಿ ಬರುವಾಗ ಅಮೀನಗಡದ ಕರದಂಟು ತರುವವನು. ಪರೀಕ್ಷೆಯ ದಿನ ಸಾಲೆಯ ಗೋಡೆಯಾಚೆ ಬಿಸಿಲಲ್ಲಿ ನಿಂತವನು. ಅವಳ ಎದುರಿಗೆ ಒಂದು ದಿನವೂ ದನಿ ಏರಿಸದವನು. ನೋಡಲು ಬಂದ ಗಂಡುಗಳು ಒಬ್ಬರಾದ ಮೇಲೊಬ್ಬರು ಕಾರಣ ಹೇಳದೆ ಹೋದಾಗ, ಹೋಗಲಿ ಬಿಡವ್ವಾ, ನಿನಗೆ ನಾ, ನನಗೆ ನೀ ಎಂದವನು. ಹಾಗೆ ಹೇಳಿದ್ದು ಸಮಾಧಾನವೂ ಹೌದು, ಬೇಲಿಯೂ ಹೌದು ಎಂದು ಆಗಾಗ ಅನ್ನಿಸಿದ್ದುಂಟು. ಅನ್ನಿಸಿದ ಕೂಡಲೇ ನಾಚಿಕೆಯಾಗಿ ಬಿಟ್ಟಿದ್ದಳು. ಈ ಜಗತ್ತಿನಲ್ಲಿ ಅವಳಿಗೆಂದು ಇರುವುದು ಒಂದೇ ಜೀವ. ಆ ಕಪ್ಪು ನಿಜವಾದರೆ ಆ ಜೀವ ಬೇರೆ ಯಾರೋ ಆಗುತ್ತದೆ. ಸುಳ್ಳಾದರೆ ಅಕ್ಕ ಸುಳ್ಳಿಯಾಗಿಯೇ ಉಳಿಯುತ್ತಾಳೆ, ಅಪ್ಪ ಅಪ್ಪನಾಗಿ ಉಳಿಯುತ್ತಾನೆ. ಹಾಗಾದರೆ ಸುಳ್ಳಾಗಲಿ. ಈ ಬೆಳಿಗ್ಗೆ, ಯುನೂಸ ಇನ್ನೂ ಬಂದಿರದ ಪ್ರಯೋಗಶಾಲೆಯಲ್ಲಿ ಕುರ್ಚಿ ಎಳೆದುಕೊಂಡು, ತನ್ನ ವಿಧಾನವನ್ನು ಓಡಿಸಿ, ಕೈಕಟ್ಟಿ ಕೂತಳು. ಚಿತ್ರ ತೊಳೆದುಕೊಂಡು ಬಂತು. ನೇರಳೆ ಪಟ್ಟಿಯಲ್ಲಿ ಕೂಡ ಸೆರಗು ಅಂಗಡಿಯಿಂದ ತಂದ ಹಾಗೆ, ಒಂದು ಚುಕ್ಕೆಯಿಲ್ಲದೆ ಬಿದ್ದಿತ್ತು. ಎದೆ ಹಗುರಾಯಿತು. ಅಪ್ಪನಿಗೆ ಫೋನು ಮಾಡಿ ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದು ಹೇಳೋಣ ಎಂದುಕೊಂಡಳು. ಕೈ ಫೋನಿನವರೆಗೂ ಹೋಯಿತು.

ಹೋಗಿ ಅಲ್ಲಿಯೇ ನಿಂತಿತು. ತೊಳೆದವಳು ತಾನೇ ಅಲ್ಲವೇ. ಬಾಯಿ ಮುಚ್ಚು ಎಂದು ಹೇಳಿ, ಮುಚ್ಚಿದ ಮೇಲೆ ನೋಡಿದಿರಾ, ಯಾರೂ ಏನೂ ಹೇಳುತ್ತಿಲ್ಲ ಎಂದು ಸಂತೋಷಪಟ್ಟ ಹಾಗಾಯಿತು ಇದು. ಬೇರೆಯವರ ಸೀರೆಯಾಗಿದ್ದರೆ ಹೀಗೆ ಮಾಡುತ್ತಿದ್ದಳೇ? ಮಾಡುತ್ತಿದ್ದಳು, ಇಷ್ಟು ವರ್ಷ ಮಾಡಿಕೊಂಡೇ ಬಂದಿದ್ದಳು, ಆ ಯೋಚನೆ ಇನ್ನೂ ಕೆಟ್ಟದಾಗಿತ್ತು. ಅಷ್ಟರಲ್ಲಿ ಯುನೂಸ ಬಂದ. ಅವನು ಪರದೆಯ ಮೇಲಿನ ಸ್ವಚ್ಛ ಸೆರಗನ್ನು ನೋಡಿ, ಹಂಗಾದ್ರೆ ಗದ್ದಲವೇ ಇತ್ತಲ್ಲ ಎಂದು ಸಮಾಧಾನದಿಂದ ಹೇಳಿದ್ದೇ ಅವಳಿಗೆ ಕೆನ್ನೆಗೆ ಬಡಿದಂತಾಯಿತು.

“ಯುನೂಸ, ಮತ್ತ ತಗಿಯೂಣು,” ಎಂದಳು. “ಭಾಳ ಸಲ ತಗಿಯೂಣು. ತೊಳಿಯೂದು ಬ್ಯಾಡ.”

ಅವನು ಅವಳ ಮುಖ ನೋಡಿ ದೀಪ ಹಾಕಿದ. ಅವನೊಬ್ಬ ಒಳ್ಳೆಯವನು, ಬೇಡದ ಕಡೆ ಮಾತಾಡುವುದಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಕತ್ತಲೆ ಕೋಣೆಯಲ್ಲಿ ಸೀರೆ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ದೀಪದ ಕಾವಿಗೆ ಹಳೆಯ ಬಟ್ಟೆಯಿಂದ ಟ್ರಂಕಿನ ವಾಸನೆ ಎದ್ದು ಕೋಣೆಯೆಲ್ಲ ತುಂಬಿತು. ಮಧ್ಯೆ ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ಇಣುಕಿ, ಒಂದು ಚಿತ್ರ ಸಾಕೆಂದು ಪ್ರಬಂಧ ಬರೆದ ಮೇಡಮ್ಮೇ ಹೀಗೆ ಮಾಡಿದರೆ ಹೇಗೆ ಎಂದು ನಗೆಯಾಡಿ ಹೋದರು. ವಿದ್ಯಾ ನಕ್ಕಳು, ನಗಬೇಕಾದಲ್ಲಿ ನಗುವುದು ರೂಢಿಯಾಗಿತ್ತು. ಚಿತ್ರ ಕೂಡುತ್ತ ಹೋದಂತೆ ಪರದೆಯ ಮೇಲಿನ ಕಾಳುಗಳು ಒಂದೊಂದಾಗಿ ತಣ್ಣಗಾದವು. ಅಕ್ಕಪಕ್ಕದ ತೆನೆಗಳ ಅಂಚು ಮೂಡಿತು. ನೂಲು ಕೂಡ ಎಣಿಸುವಷ್ಟು ತಿಳಿಯಾಯಿತು. ಕಪ್ಪು ಹೋಗಲಿಲ್ಲ. ಅದು ಇನ್ನೂ ಕಪ್ಪಾಗಿ, ಅಂಚು ಕಟ್ಟಿಕೊಂಡು, ಯಾರೋ ಬಟ್ಟೆಯನ್ನು ಮುದ್ದೆ ಮಾಡಿ ಏನನ್ನೋ ಒತ್ತಿ ಹಿಡಿದ ಮಡಿಕೆಗಳ ಸಮೇತ ಮೇಲೆ ಬಂತು. ಗೆರೆ ಈಗ ರಕ್ತಕ್ಕೆ ಸಮೀಪ ಇರಲಿಲ್ಲ, ರಕ್ತದ್ದೇ ಆಗಿತ್ತು. ಅವ್ವಾ ಎಂದಳು ಮೆಲ್ಲಗೆ. ಯುನೂಸ ಕೇಳಿಯೂ ಕೇಳದವನ ಹಾಗೆ ದೀಪ ಆರಿಸಿದ.

ಅಪ್ಪನಿಗೆ ಫೋನು ಮಾಡಿ, ಕೆಲಸವಿದೆ, ತಡವಾಗುತ್ತದೆ ಎಂದಳು. ಅವನು ಆಯಿತೆಂದ. ಅಕ್ಕನಿರುವ ಹುನಗುಂದದ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್ಟು ಹರಿದುಕೊಡುತ್ತ ಕಂಡಕ್ಟರು ಅವಳನ್ನು ಗುರುತು ಹಿಡಿದು, ಪಾಂಡಪ್ಪನವರ ಮಗಳಲ್ಲವೇ ಎಂದ. ಅವರ ಕೈಕೆಳಗೆ ಕೆಲಸ ಕಲಿತವನಂತೆ. ಕುಡಿದವರು ಹತ್ತಿ ಜಗಳ ತೆಗೆದರೂ ಒಂದು ಕೆಟ್ಟ ಮಾತು ಆಡದ ಮನುಷ್ಯನಂತೆ, ಅಂಥವರು ಈಗ ಹುಡುಕಿದರೂ ಸಿಗುವುದಿಲ್ಲವಂತೆ. ವಿದ್ಯಾ ಹೌದು ಹೌದು ಎಂದು ತಲೆಯಾಡಿಸಿದಳು. ಕಮತಗಿ ಹೋಯಿತು, ಅಮೀನಗಡ ಬಂತು. ಅಕ್ಕನ ಎದುರು ಏನು ಹೇಳುವುದು? ಕಾಲಿಗೆ ಬೀಳಬೇಕೇ? ಅವ್ವ ಅಷ್ಟು ವರ್ಷ ಏಟು ತಿಂದು ತನ್ನ ಮುಂದೆ ನಗುತ್ತಿದ್ದಳೇ? ತಾನು ನಿದ್ದೆಹೋದ ಮೇಲೆ ನಡೆಯುತ್ತಿತ್ತೇ? ಕೌದಿ ಹೊಲಿಯುತ್ತ ಕೂತ ಅವ್ವನ ಒಂದೊಂದು ಭಂಗಿಯನ್ನೂ ನೆನಪಿನಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಎಲ್ಲೂ ಏನೂ ಕಾಣಲಿಲ್ಲ. ಕಾಣಲಿಲ್ಲ ಎಂಬುದನ್ನು ನಂಬುವ ಧೈರ್ಯ ಮಾತ್ರ ಈಗ ಉಳಿದಿರಲಿಲ್ಲ.

ಕಸ್ತೂರಿ ರೊಟ್ಟಿ ಮಾರಿ ಬದುಕು ಕಟ್ಟಿಕೊಂಡವಳು. ಮನೆಯ ಮುಂದಿನ ಪಡಸಾಲೆಯೇ ಅವಳ ಕಾರ್ಖಾನೆ. ಬಿದಿರ ಬುಟ್ಟಿಗಳಲ್ಲಿ ಖಡಕ್ ರೊಟ್ಟಿ ಗೋಡೆಯುದ್ದಕ್ಕೂ ಪೇರಿಸಿತ್ತು. ತಂಗಿಯನ್ನು ಬಾಗಿಲಲ್ಲಿ ಕಂಡು ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಹಿಟ್ಟಿನ ಕೈಯಿಂದಲೇ ಮಣೆ ತೋರಿಸಿದಳು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಇದನ್ನು ಯಾರೂ ತನಗೆ ಹೇಳಿರಲಿಲ್ಲ ಎಂದುಕೊಂಡಳು ವಿದ್ಯಾ, ಹೇಳುವವರು ಯಾರಿದ್ದಾರೆ ಎಂದೂ ಹೊಳೆಯಿತು. ಕೂತು, ಕ್ಯಾಮೆರಾ, ಸೀರೆ, ಪಟ್ಟಿ ಎಂದೆಲ್ಲ ಶುರುಮಾಡಿ, ದಾರಿ ತಪ್ಪಿ, ಕಡೆಗೆ ಇದ್ದದ್ದನ್ನು ಹೇಳಿದಳು.

“ಅವ್ವನ ಸೆರಗಿನ ಮ್ಯಾಲೆ ರಕ್ತ ಐತಿ ಅಕ್ಕಾ. ಕಣ್ಣಿಗೆ ಕಾಣೂದಿಲ್ಲ, ಖರೆ ಐತಿ. ನೀ ಅಂದದ್ದು ಖರೆ ಇತ್ತು. ಅಪ್ಪ ಅವ್ವಗ ಹೊಡಿತಿದ್ದಾ.”

ಕಸ್ತೂರಿ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟಳು. ಒಲೆಯ ಮೇಲಿನ ಹೆಂಚು ಖಾಲಿ ಕಾಯುತ್ತಿತ್ತು.

“ಅವ್ವಗ ಅಂತ ನಾ ಯಾವತ್ತ ಅಂದೇನಿ?” ಎಂದಳು. ಹೆಂಚನ್ನು ಕೆಳಗಿಳಿಸಿ, “ಅವ್ವನ ಮ್ಯಾಲೆ ಅವಾ ಎಂದೂ ಕೈ ಎತ್ತಿಲ್ಲ. ಆ ರಕ್ತ ನಿಂದು,” ಎಂದಳು.

ಆಮೇಲೆ ಹೇಳಿದ್ದನ್ನೆಲ್ಲ ಕಸ್ತೂರಿ ಹಿಟ್ಟಿನ ಮುದ್ದೆಯನ್ನು ನೋಡುತ್ತಲೇ ಹೇಳಿದಳು. ವಿದ್ಯಾಳಿಗೆ ಆಗ ನಾಲ್ಕು ತುಂಬಿರಲಿಲ್ಲ, ಜ್ವರ ಬಂದಿತ್ತು, ಅಳು ನಿಲ್ಲಿಸುತ್ತಿರಲಿಲ್ಲ. ಅಪ್ಪ ಕುಡಿದು ಬಂದಿದ್ದ. ಆ ಕಾಲದಲ್ಲಿ ಕುಡಿಯುತ್ತಿದ್ದ. ಸುಮ್ಮನಾಗು ಎಂದ. ಮತ್ತೊಮ್ಮೆ ಎಂದ. ಮೂರನೆಯ ಸಲ ಬಾಯಿಯ ಮೇಲೆ ಹೊಡೆದ. ಎರಡು ಹಾಲುಹಲ್ಲು ಕಿತ್ತು ನೆಲಕ್ಕೆ ಬಿದ್ದವು. ಅವ್ವ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿ ಹಿಡಿದು, ಬೆಳಗಾಗುವವರೆಗೂ ಹಾಗೆಯೇ ಕೂತಳು. ಅಪ್ಪ ಹೊಸ್ತಿಲ ಮೇಲೆ ಕೂತ. ಆ ದಿನದಿಂದ ಅವನು ಶೆರೆ ಮುಟ್ಟಲಿಲ್ಲ, ದನಿ ಏರಿಸಲಿಲ್ಲ. ಕೂಸು ಪಾವಟಿಗೆ ಮೆಟ್ಟಿಲಿನಿಂದ ಬಿತ್ತು ಎಂದು ಎಲ್ಲರಿಗೂ ಹೇಳಲಾಯಿತು. ಸಣ್ಣಾಕಿಗೆ ನೆನಪಿಲ್ಲ, ಅವಳಿಗೊಬ್ಬ ಅಪ್ಪ ಇರಲಿ ಎಂದು ಅವ್ವ ಹಿರಿಯಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿಕೊಂಡಳು.

“ಒಂದ ಸಲ,” ಎಂದಳು ಕಸ್ತೂರಿ. “ಮತ್ತ ಎಂದೂ ಇಲ್ಲ. ದಿನಾ ಹೊಡಿಯೂ ಮನಷ್ಯಾ ಆಗಿದ್ರ ಬೈದು ಮುಗಸ್ತಿದ್ನಿ. ಅವಾ ದೇವರಂಥಾವ ಆಗಿಬಿಟ್ಟಾ. ನೀ ಅವನ ತೊಡಿ ಮ್ಯಾಲೆ ಕುಂತು ನಗತಿದ್ದಿ. ನೋಡಿದಾಕಿ ನಾ ಒಬ್ಬಾಕಿ. ಒಂದು ದಿವಸರ ಅವಾ ನಿನ್ನ ಕರದು ಹೇಳ್ತಾನ, ಹೇಳಿ ಅಳ್ತಾನ ಅಂತ ದಾರಿ ನೋಡಿದೆ. ಅವ್ವ ಹೋದ ಮ್ಯಾಲರ ಹೇಳ್ತಾನ ಅಂದಕೊಂಡೆ. ಅನ್ನ ನೀಡಾಕ ಬಂದಾ.”

ವಿದ್ಯಾಳ ನಾಲಿಗೆ ತನ್ನಷ್ಟಕ್ಕೆ ತಾನೇ ಮುಂದಿನ ಹಲ್ಲುಗಳ ಮೇಲೆ ಹರಿಯಿತು. ಎಲ್ಲ ಇದ್ದವು, ಸಾಲಾಗಿ, ಗಟ್ಟಿಯಾಗಿ. ಆ ರಾತ್ರಿಯನ್ನು ನೆನೆಯಲು ನೋಡಿದಳು. ಜ್ವರ, ಹೊಸ್ತಿಲು, ಅವ್ವನ ಮೈ ವಾಸನೆ, ಏನಾದರೂ. ತಲೆಯೊಳಗೆ ಯಾರೋ ಚೆನ್ನಾಗಿ ಗುಡಿಸಿ ಸಾರಿಸಿ ಇಟ್ಟಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಒಂದು ಬಗೆಯ ಪರದೇಶಿತನ. ಇಷ್ಟು ದಿನ ಅಪ್ಪ ಮತ್ತು ಅಕ್ಕನ ನಡುವಿನ ಜಗಳ ತನ್ನದಲ್ಲ ಎಂದುಕೊಂಡಿದ್ದವಳಿಗೆ, ಆ ಜಗಳಕ್ಕೆ ತಾನೇ ಬೀಜ ಎಂದು ತಿಳಿದಂತಾಗಿತ್ತು. ಅಕ್ಕ ತಂಗಿಯನ್ನು ಕಳೆದುಕೊಂಡದ್ದು ತಂಗಿಗಾಗಿ. ಸುಳ್ಳಿ ಎನ್ನಿಸಿಕೊಂಡು, ಒಂದೇ ಮಾತಿನಲ್ಲಿ ಎದುರಿನವಳ ಬಾಯಿ ಮುಚ್ಚಿಸಬಹುದಾಗಿದ್ದ ಕಡೆ ಬಾಯಿ ಮುಚ್ಚಿಕೊಂಡು ಹೋದವಳು. ಅಕ್ಕಾ, ನನ್ನದು ತಪ್ಪಾಯಿತು ಎಂದು ಹೇಳಿದಳು. ಕಸ್ತೂರಿ, ಮಧ್ಯಾಹ್ನ ಉಂಡೆಯಾ ಎಂದು ಕೇಳಿ, ಇಲ್ಲವೆಂದದ್ದಕ್ಕೆ ಹೆಂಚನ್ನು ಮತ್ತೆ ಒಲೆಗೇರಿಸಿ, ಬಿಟ್ಟ ರೊಟ್ಟಿಯನ್ನು ಬೇಯಿಸಿ, ಗಂಗಾಳ ತೊಳೆಯಲು ಎದ್ದಳು.

ಆಗ ಫೋನು ಬಂತು. ಅಪ್ಪನೇ. ಬಿಸಿಲು ಇನ್ನೂ ಅಂಗಳದಲ್ಲೇ ಇತ್ತು, ಆದರೂ ಅವನಿಗೆ ಸಂಜೆಯ ಚಿಂತೆ. ಅನ್ನಕ್ಕೆ ಈಗ ಇಡಲೋ, ತಡೆದು ಇಡಲೋ ಎಂದು ಕೇಳಿದ. ಹಿಂದೆ ಕಸ್ತೂರಿ ಗಂಗಾಳ ಕೆಳಗಿಟ್ಟ ಸಪ್ಪಳವಾಯಿತು. ಎಲ್ಲಿ ಇದ್ದೀ ಎಂದ. ವಿದ್ಯಾ ಸುಳ್ಳು ಹುಡುಕಿದಳು, ಬೆಳಗಿನಿಂದ ಹೇಳಿದ್ದಕ್ಕೆ ಇನ್ನೊಂದು ಸೇರಿಸುವುದು ಕಷ್ಟವೇನೂ ಇರಲಿಲ್ಲ.

“ಹುನಗುಂದದಾಗ ಅದೇನಿ,” ಎಂದಳು. “ಅಕ್ಕನ ಮನ್ಯಾಗ.”

ಆ ಕಡೆ ಕುಕ್ಕರು ಮುಚ್ಚುವ ಸಪ್ಪಳ, ಗ್ಯಾಸಿನ ಕೀಲಿ ತಿರುಗಿಸುವ ಸಪ್ಪಳ ಕೇಳಿತು. ಏನೋ ಸರಿಯಾಗಿ ಕೇಳಿಸಿಕೊಳ್ಳಬೇಕೆಂದು ಒಲೆ ಆರಿಸಿದಂತಿತ್ತು.

“ಹೇಳಿದ್ಲೇನವ್ವಾ?” ಎಂದ ಪಾಂಡಪ್ಪ.

ಏನು ಎಂದು ಕೇಳಬಹುದಿತ್ತು. ಕೇಳಿದ್ದರೆ ಏನಿಲ್ಲ ಎನ್ನುತ್ತಿದ್ದ, ಇಬ್ಬರೂ ಮೊದಲಿನ ಹಾಗೆ ಇರಬಹುದಿತ್ತು. ಇಷ್ಟು ವರ್ಷ ದಿನಾ ಬೆಳಿಗ್ಗೆ ಚಹಾ ಇಟ್ಟು, ದಿನಾ ಸಂಜೆ ಗೇಟಿನಲ್ಲಿ ನಿಂತು, ಅವನು ಕಾಯುತ್ತಿದ್ದದ್ದು ತನ್ನನ್ನು ಮಾತ್ರವಲ್ಲ, ಈ ಕ್ಷಣವನ್ನೂ ಎಂದು ಅವಳಿಗೆ ಗೊತ್ತಾಯಿತು. ಅವನ ಮೇಲೆ ಪ್ರೀತಿ ಇತ್ತು, ನಿನ್ನೆ ಇದ್ದಷ್ಟೇ ಇತ್ತು, ಅದೇ ತಡೆಯಲಾಗದ್ದು.

“ಹೂಂ,” ಎಂದಳು.

“ಹಂಗಾದ್ರ ಇವತ್ತ ನೀ ಬರೂದಿಲ್ಲ.”

ಅದು ಪ್ರಶ್ನೆಯಾಗಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕಸ್ತೂರಿ ಗಂಗಾಳ ಹಿಡಿದು ನಿಂತಿದ್ದಳು, ಅದರಲ್ಲಿ ಬಿಸಿ ರೊಟ್ಟಿ ಇತ್ತು. ಅಪ್ಪ ಫೋನು ಇಡಲಿಲ್ಲ. ಅವನ ಉಸಿರು ಕೇಳುತ್ತಿತ್ತು, ವಯಸ್ಸಾದವನ ಉಸಿರು, ಬಾಯಿಯಿಂದ ಬರುವಂಥದ್ದು.

“ಬರ್ತೇನಿ,” ಎಂದಳು ವಿದ್ಯಾ.

ಯಾವಾಗ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.